ಸ್ವಾನಿಕ್‌ನಲ್ಲಿ ಮೂರು ರಾತ್ರಿ, ನೆನಪಾದ ಮಾರಿಕಣಿವೆ

ಹೋದ ವಾರ ಮೂರು ದಿನ ನಾನು ಫೋನ್ ಎತ್ತಲಿಲ್ಲ ಅಂತ ಅಮ್ಮ ಗಾಬರಿಯಾಗಿ ದುರ್ಗದಲ್ಲಿರೋ ನಮ್ಮ ಚರ್ಚ್ ಸಭೆಯವರಿಗೆಲ್ಲ ಹೇಳಿದ್ರಂತೆ, ಅದಕ್ಕೇ ಎಲ್ಲಿಗೆ ಹೋಗಿದ್ದೆ ಏನಾಯ್ತು ಅಂತ ಎಲ್ಲರಿಗೂ ಒಟ್ಟಿಗೇ ಬರೀತಿದೀನಿ. ಆರಾಮಾಗಿದೀನಿ. ನಾನು ಕೆಲಸ ಮಾಡೋ ಕ್ರೈಸ್ತ ಸೇವಾ ಮಿನಿಸ್ಟ್ರಿಯ ಸ್ಟಾಫ್ ಕಾನ್ಫರೆನ್ಸ್ ಇತ್ತು, ಫೋನ್ ರೂಮಲ್ಲೇ ಬಿಟ್ಟು ಬನ್ನಿ ಅಂದಿದ್ರು, ಬಿಟ್ಟಿದ್ದೆ.

ನನ್ನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಇಂಗ್ಲೆಂಡಿನ ಲೆಸ್ಟರ್‌ಗೆ ಓದೋಕೆ ಬರೋ ಹೊರದೇಶದ ಮಕ್ಕಳ ಮಧ್ಯೆ ಸೇವೆ. ಸೆಪ್ಟೆಂಬರ್ ಬಂತು ಅಂದ್ರೆ ಇಂಡಿಯಾ, ನೈಜೀರಿಯಾ, ಚೀನಾ ಎಲ್ಲಾ ಕಡೆಯಿಂದ ಬಂದು ಇಳೀತಾರೆ, ಅವರಿಗೆ ಕಂಬಳಿ ಬೇಕು, ಕುಕ್ಕರ್ ಬೇಕು, ಬ್ಯಾಂಕ್ ಅಕೌಂಟ್ ಹೆಂಗೆ ಮಾಡ್ಸೋದು ಅಂತ ಹೇಳಬೇಕು, ಶುಕ್ರವಾರ ಸಾಯಂಕಾಲ ಅನ್ನ ಸಾರು ಮಾಡಿ ಕರೀಬೇಕು, ಮನಸ್ಸಿದ್ದವರು ಊಟ ಆದ್ಮೇಲೆ ಬೈಬಲ್ ಸ್ಟಡಿಗೆ ಕೂರ್ತಾರೆ, ಇಲ್ಲದವರು ಪಾತ್ರೆ ತೊಳೆದುಕೊಟ್ಟು ಹೋಗ್ತಾರೆ, ಇಬ್ಬರೂ ನಮಗೆ ಒಂದೇ. ಈ ಕೆಲಸ ನನಗೆ ಪ್ರಾಣ. ಆದ್ರೆ ಈ ಸಲ ಡಿಸೆಂಬರ್ ಹೊತ್ತಿಗೆ ನಾನು ಪೂರ್ತಿ ಬತ್ತಿ ಹೋಗಿದ್ದೆ. ಒಂದಿನ ರಾತ್ರಿ ಜ್ವರ ಬಂದಿದ್ದ ಒಬ್ಬ ಹುಡುಗಿಗೆ ಗಂಜಿ ಕೊಟ್ಟು ಬಂದು ಕಾರಲ್ಲಿ ಕೂತೆ, ಕೀ ತಿರುಗಿಸೋಕೆ ಕೈ ಬರ್ಲಿಲ್ಲ, ಸುಮ್ನೆ ಅಳ್ತಾ ಕೂತಿದ್ದೆ. ಮನೆಗೆ ಬಂದು ಅದೇ ರಾತ್ರಿ ನಿಮಗೆಲ್ಲ ಪ್ರೇಯರ್ ಲೆಟರ್ ಬರೆದೆ, ದೇವರ ಕೃಪೆಯಿಂದ ಸೇವೆ ಚೆನ್ನಾಗಿ ನಡೀತಿದೆ, ಶುಕ್ರವಾರದ ಊಟಕ್ಕೆ ತುಂಬಾ ಮಕ್ಕಳು ಬರ್ತಿದಾರೆ ಅಂತ. ಬರೆದಿದ್ದು ಸುಳ್ಳಲ್ಲ. ಆದ್ರೆ ಕಾರಿನಲ್ಲಿ ಕೂತು ಅತ್ತಿದ್ದು ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ.

ಕಾನ್ಫರೆನ್ಸ್ ನಡೆದಿದ್ದು ಡರ್ಬಿಶೈರ್‌ನ ಸ್ವಾನಿಕ್ ಅನ್ನೋ ಹಳ್ಳೀಲಿ, ದಿ ಹೇಯ್ಸ್ ಅಂತ ಒಂದು ದೊಡ್ಡ ಹಳೇ ಬಂಗ್ಲೆ, ಸುತ್ತ ಕೆರೆ, ಹುಲ್ಲು, ಮರಗಳು. ಲೆಸ್ಟರ್‌ನಿಂದ ಎಂ1 ಮೋಟರ್‌ವೇ ಹಿಡಿದು ಉತ್ತರಕ್ಕೆ ಒಂದು ಗಂಟೆ ದಾರಿ. ಜನವರಿ ಆದ್ದರಿಂದ ನಾಲ್ಕೂವರೆಗೆಲ್ಲ ಕತ್ತಲು. ಎರಡನೇ ಮಹಾಯುದ್ಧದಲ್ಲಿ ಇದೇ ಜಾಗವನ್ನ ಜರ್ಮನ್ ಯುದ್ಧ ಕೈದಿಗಳ ಕ್ಯಾಂಪ್ ಮಾಡಿದ್ರಂತೆ, 1940ರ ಡಿಸೆಂಬರ್‌ನಲ್ಲಿ ಐದು ಜನ ಆಫೀಸರ್‌ಗಳು ಸುರಂಗ ತೋಡಿ ಹೊರಗೆ ಹೋದ್ರು, ಐದೂ ಜನ ಮತ್ತೆ ಸಿಕ್ಕಿಬಿದ್ರು. ಮೊದಲನೇ ಸಂಜೆ ಇದನ್ನ ಕೇಳಿ ನನಗೆ ಯಾಕೋ ಎದೆ ಭಾರ ಆಯ್ತು, ಯಾಕಂದ್ರೆ ಆಗ ನನಗೂ ಎಲ್ಲಿಗಾದ್ರೂ ತಪ್ಪಿಸಿಕೊಂಡು ಹೋದ್ರೆ ಸಾಕು ಅನ್ನೋ ಹಂಗೇ ಇತ್ತು.

ಮಾರನೇ ದಿನ ಬೆಳಿಗ್ಗೆ ವಾಕ್ಯ ತೆಗೆದಿದ್ದು ಬೈಬಲಿನ ಒಂದನೇ ಅರಸುಗಳು 19ನೇ ಅಧ್ಯಾಯ. ಪ್ರವಾದಿ ಎಲೀಯನ ಕಥೆ ನಮಗೆ ಸಂಡೇ ಸ್ಕೂಲಿಂದ ಗೊತ್ತು, ಆದ್ರೆ ನಾವು ಯಾವಾಗ್ಲೂ ಕೇಳಿದ್ದು 18ನೇ ಅಧ್ಯಾಯ, ಕರ್ಮೆಲ್ ಬೆಟ್ಟ, ಬಾಳನ ಪ್ರವಾದಿಗಳ ಎದುರು ಅವನು ಪ್ರಾರ್ಥಿಸಿದಾಗ ಆಕಾಶದಿಂದ ಬಿದ್ದ ಬೆಂಕಿ. ಅದಾದ ಮೇಲಿನದು ನಾನು ಸರಿಯಾಗಿ ಓದೇ ಇರಲಿಲ್ಲ ಅನ್ಸುತ್ತೆ. ಅಷ್ಟು ದೊಡ್ಡ ಜಯ ಆದ ಮನುಷ್ಯ ರಾಣಿ ಈಜೆಬೆಲಳಿಗೆ ಹೆದರಿ ಬೇರ್ಷೆಬಕ್ಕೆ ಓಡ್ತಾನೆ, ಜೊತೆಗಿದ್ದ ಸೇವಕನನ್ನ ಅಲ್ಲೇ ಬಿಟ್ಟು ಒಬ್ಬನೇ ಅಡವಿಯೊಳಗೆ ಒಂದು ದಿನದ ದಾರಿ ನಡೀತಾನೆ, ಒಂದು ಗಿಡದ ಕೆಳಗೆ ಕೂತು ಸಾಕು ಕರ್ತನೇ ನನ್ನ ಪ್ರಾಣ ತಗೋ ಅಂತಾನೆ. ಅವನು ಒಬ್ಬನೇ ಹೋದ ಅನ್ನೋ ಕಡೆ ಹೇಳ್ತಿದ್ದವರು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದ್ರು. ಇಂಗ್ಲಿಷ್ ಬೈಬಲಲ್ಲಿ ಯಾವುದೋ ಮರುಭೂಮಿ ಗಿಡದ ಹೆಸರಿದೆ, ನನ್ನ ಕಣ್ಣಿಗೆ ಬಂದಿದ್ದು ಮಾತ್ರ ಚಳ್ಳಕೆರೆ ರೋಡಿನ ಪಕ್ಕದ ಜಾಲಿ, ಮಧ್ಯಾಹ್ನದ ಬಿಸಿಲಲ್ಲಿ ಅದರ ಕೆಳಗೆ ಇರೋ ಆ ತೂತು ತೂತು ನೆರಳು. ಅಲ್ಲಿ ದೇವದೂತ ಬಂದು ಏನು ಮಾಡ್ತಾನೆ? ನಿನಗೆ ನಂಬಿಕೆ ಕಮ್ಮಿ ಆಗಿದೆ ಅನ್ನಲ್ಲ, ಉಪವಾಸ ಪ್ರಾರ್ಥನೆ ಮಾಡು ಅನ್ನಲ್ಲ. ಎದ್ದು ಊಟ ಮಾಡು ಅಂತಾನೆ. ತಲೆ ಹತ್ರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ಅವನು ತಿಂದು ಮತ್ತೆ ಮಲಗ್ತಾನೆ, ಆಗಲೂ ಬೈಯಲ್ಲ, ಎರಡನೇ ಸಲ ತಟ್ಟಿ ಎಬ್ಬಿಸಿ ಇನ್ನೂ ತಿನ್ನು, ನಿನ್ನ ಮುಂದಿರೋ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತಾನೆ. ದೇವರು ಮಾತಾಡಿದ್ದು ಆಮೇಲೆ, ನಲವತ್ತು ಹಗಲು ನಲವತ್ತು ರಾತ್ರಿ ನಡೆದು ಹೋರೇಬ್ ಬೆಟ್ಟಕ್ಕೆ ಬಂದ ಮೇಲೆ.

ಆ ದಿನ ಮಧ್ಯಾಹ್ನ ಯಾವ ಸೆಷನ್ನೂ ಇಟ್ಟಿರಲಿಲ್ಲ, ಊಟ ಮಾಡಿ ಮಲ್ಕೊಳ್ಳಿ ಅಂದ್ರು. ನಾನು ನಿಜವಾಗ್ಲೂ ಎರಡೂವರೆ ಗಂಟೆ ನಿದ್ದೆ ಮಾಡಿದೆ.

ಸಾಯಂಕಾಲ ಆರಾರು ಜನದ ಗುಂಪು. ನನ್ನ ಗುಂಪಲ್ಲಿ ನೈಜೀರಿಯಾದ ಒಬ್ಬ ಅಕ್ಕ ಇದ್ರು, ನಾನು ತಗೊಂಡು ಹೋಗಿದ್ದ ಶೇಂಗಾ ಚಟ್ನಿಪುಡಿ ಅವರಿಗೆ ಎಷ್ಟು ಹಿಡಿಸ್ತು ಅಂದ್ರೆ ಬೇಯಿಸಿದ ಆಲೂಗಡ್ಡೆ ಮೇಲೂ ಹಾಕ್ಕೊಂಡ್ರು. ಅವರವರ ಊರಿನ ಒಂದು ಜಾಗ ನೆನೆಸಿಕೊಂಡು ಈ ವರ್ಷ ಹೆಂಗಿತ್ತು ಹೇಳಿ ಅಂದಾಗ ನನ್ನ ಬಾಯಿಗೆ ಬಂದಿದ್ದು ನಮ್ಮ ಮಾರಿಕಣಿವೆ. ವೇದಾವತಿಗೆ ಅಡ್ಡ ಕಟ್ಟಿದ ಡ್ಯಾಂ, 1907ರಲ್ಲಿ ಕಟ್ಟಿ ಮುಗಿಸಿದ್ದು, ಪೂರ್ತಿ ತುಂಬಿದ್ರೆ 130 ಅಡಿ, 1933ರಲ್ಲಿ ಒಂದ್ಸಲ ಕೋಡಿ ಬಿದ್ದಿದ್ದು, ಆಮೇಲೆ 89 ವರ್ಷ ಇಲ್ಲ, 2022ರ ಸೆಪ್ಟೆಂಬರಲ್ಲಿ ಮತ್ತೆ ಕೋಡಿ ಬಿತ್ತು ಅಂತ ಹೇಳಿದೆ. ನಡುವೆ ತಳ ಕಾಣೋ ಹಂಗೆ ಒಣಗಿದ್ದು, ಹಿರಿಯೂರಿನ ತೆಂಗಿನ ತೋಟಗಳು ನಿಂತಲ್ಲೇ ಸತ್ತಿದ್ದು, ಎಲ್ಲಾ ಹೇಳಿದೆ. ನಾನೀಗ ಆ ತಳದ ಥರ ಇದೀನಿ ಅಂತ ಹೇಳೋಕೆ ಹೋಗಿ ಗಂಟಲು ಕಟ್ತು. ಆ ಅಕ್ಕ ನನ್ನ ಕೈ ಹಿಡ್ಕೊಂಡು ಕೇಳಿದ್ರು, ಕೋಡಿ ಬೀಳದ ಅಷ್ಟು ವರ್ಷ ಆ ನೀರು ಯಾರಿಗೂ ಸಿಗಲಿಲ್ವಾ ಅಂತ. ಸಿಕ್ಕಿತ್ತು. ಹಿರಿಯೂರಿಗೆ, ದುರ್ಗಕ್ಕೆ, ನಮ್ಮನೆ ನಲ್ಲಿಗೆ ಬರ್ತಿದ್ದಿದ್ದು ಅದೇ ನೀರು, ನಾನು ಕುಡಿದು ಬೆಳೆದಿದ್ದು ಅದನ್ನೇ. ಮತ್ತೆ ಕೇಳಿದ್ರು, ಹೆಂಗೆ ತುಂಬ್ತು ಕೊನೆಗೆ? ಮಳೆ ಚೆನ್ನಾಗಾಯ್ತು, ಜೊತೆಗೆ ಭದ್ರಾ ನೀರನ್ನೂ ಎತ್ತಿ ತಂದು ಬಿಡ್ತಿದ್ರು ಅಂದೆ. ಬೇರೆ ನದಿ ನೀರಾ ಅಂದ್ರು. ಹೌದು ಅಂದೆ. ಅವರು ಇನ್ನೇನೂ ಹೇಳ್ಲಿಲ್ಲ, ನನ್ನ ತಲೆ ಮೇಲೆ ಕೈ ಇಟ್ಟು ಅವರ ಭಾಷೇಲಿ ಪ್ರಾರ್ಥನೆ ಮಾಡಿದ್ರು, ಒಂದಕ್ಷರ ಅರ್ಥ ಆಗಲಿಲ್ಲ, ಆದ್ರೆ ಬಹಳ ದಿನ ಆದ್ಮೇಲೆ ನನಗೋಸ್ಕರ ಅಂತ ಒಬ್ಬರು ಪ್ರಾರ್ಥನೆ ಮಾಡಿದ್ದು ಅದು.

ಮೂರನೇ ದಿನ ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯ. ಬಂದುಹೋಗೋ ಜನ ಎಷ್ಟಿದ್ರು ಅಂದ್ರೆ ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲ, ಯೇಸು ಬನ್ನಿ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಅಂತ ದೋಣಿ ಹತ್ತಿಸ್ಕೊಂಡು ಹೋಗ್ತಾನೆ. ನಾನು ಕೈ ಎತ್ತಿ ಕೇಳೇಬಿಟ್ಟೆ, ಅಲ್ಲಿಗೂ ಜನ ಓಡಿ ಬಂದ್ರಲ್ಲ, ವಿಶ್ರಾಂತಿ ಎಲ್ಲಿ ಸಿಕ್ತು, ಐದು ಸಾವಿರ ಜನಕ್ಕೆ ಬಡಿಸೋ ಕೆಲಸ ಬಂತಲ್ಲ ಅಂತ. ಹೇಳ್ತಿದ್ದವರು ಮುಂದೆ ಓದು ಅಂದ್ರು. ಊಟ ಆದ ತಕ್ಷಣ ಯೇಸು ಶಿಷ್ಯರನ್ನ ಕಳಿಸಿ, ಜನರನ್ನೂ ಕಳಿಸಿ, ಒಬ್ಬನೇ ಬೆಟ್ಟಕ್ಕೆ ಪ್ರಾರ್ಥನೆಗೆ ಹೋಗ್ತಾನೆ. ಜನ ಇನ್ನೂ ಅಲ್ಲೇ ಇದ್ರು, ಕಾಯಿಲೆಯವರು ಇದ್ದೇ ಇರ್ತಾರಲ್ಲ, ಆದ್ರೂ ಕಳಿಸಿದ. ನನಗೆ ಇದು ಇನ್ನೂ ಪೂರ್ತಿ ಜೀರ್ಣ ಆಗಿಲ್ಲ. ಜ್ವರ ಬಂದ ಹುಡುಗಿ ಫೋನ್ ಮಾಡಿದ್ರೆ ನಾನು ಹೋಗೇ ಹೋಗ್ತೀನಿ. ಆದ್ರೆ ಸೋಮವಾರ ರಜ ಅಂತ ಈಗ ಟೀಮಲ್ಲಿ ಎಲ್ಲರಿಗೂ ಹೇಳಿದೀನಿ, ಅವತ್ತು ನನ್ನ ಜಾಗಕ್ಕೆ ಬೇರೆಯವರು ಹೋಗ್ತಾರೆ.

ಇಷ್ಟೆಲ್ಲ ಕೇಳ್ತಾ ನನ್ನ ಮನಸ್ಸು ಪೂರ್ತಿ ಇದ್ದಿದ್ದು ಅಪ್ಪನ ಮೇಲೆ. ನಿಮಗೆಲ್ಲ ಗೊತ್ತು, ಅಪ್ಪ ಮೊದಲು ಸೈಕಲಲ್ಲಿ, ಆಮೇಲೆ ಟಿವಿಎಸ್‌ನಲ್ಲಿ ಹಳ್ಳಿ ಹಳ್ಳಿ ಸುತ್ತಿ ಬೈಬಲ್ ವಾಕ್ಯ ಹೇಳಿದವರು. ಶುಗರ್ ಜಾಸ್ತಿಯಾಗಿ ಕಾಲಿಗೆ ಗಾಯ ಆದಾಗಲೂ ಭಾನುವಾರ ವಾಕ್ಯ ಹೇಳೋಕೆ ನಿಂತೇ ಇದ್ರು. ನಮ್ಮನೆಗೆ ರಾತ್ರಿ ಹತ್ತಕ್ಕೆ ಬಾಗಿಲು ಬಡಿದು ಪ್ರಾರ್ಥನೆಗೆ ಬನ್ನಿ ಅಂದವರು ಲೆಕ್ಕವಿಲ್ಲ, ಅವರ ಕಷ್ಟವೂ ನಿಜವಾದ ಕಷ್ಟವೇ, ಆದ್ರೆ ನೀವು ಉಂಡ್ರಾ, ಮಲಗಿದ್ರಾ ಅಂತ ಅಪ್ಪನ್ನ ಕೇಳಿದವರು ನನಗೆ ನೆನಪಿಲ್ಲ. ನಮ್ಮ ಕಡೆ ಬೀದೀಲಿ ಹೋಗೋರನ್ನೂ ಊಟ ಆಯ್ತಾ ಅಂತ ಕೇಳ್ತೀವಿ, ಅಷ್ಟು ಒಳ್ಳೆ ಮಾತು ನಮ್ಮಲ್ಲೇ ಇದ್ದೂ ದೇವರ ಸೇವಕರ ಮನೆ ಬಾಗಿಲಲ್ಲಿ ಅದು ಯಾಕೆ ಬಾಯಿಗೆ ಬರಲ್ಲ? ದಯವಿಟ್ಟು ಕೇಳ್ತೀನಿ, ಈ ವಾರ ನಿಮ್ಮ ಪಾಸ್ಟರಮ್ಮನ ಮನೆಗೆ ನಾಲ್ಕು ರೊಟ್ಟಿ, ಸ್ವಲ್ಪ ಪಲ್ಯ ತಗೊಂಡು ಹೋಗಿ, ಅವತ್ತು ಒಂದಿನ ನಿಮ್ಮ ಪ್ರಾರ್ಥನೆ ವಿಷಯ ಹೇಳಬೇಡಿ, ಕೊಟ್ಟು ಬನ್ನಿ ಸಾಕು.

ವಾಪಸ್ ಬಂದ ರಾತ್ರಿ ಅಪ್ಪಂಗೆ ಫೋನ್ ಮಾಡಿದೆ, ಅಲ್ಲಿ ಆಗಲೇ ಬೆಳಗಿನ ಜಾವ, ಅವರು ಎದ್ದು ಕೂತಿರ್ತಾರೆ ಅಂತ ಗೊತ್ತು. ಎಲೀಯನ ರೊಟ್ಟಿ ವಿಷಯ ಹೇಳಿದೆ, ಕಾರಲ್ಲಿ ಅತ್ತಿದ್ದೂ ಹೇಳಿದೆ. ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ, "ನಂಗೂ ಹಂಗೇ ಆಗಿತ್ತಮ್ಮ, ನೀನಿನ್ನೂ ಸಣ್ಣೋಳಿದ್ದೆ, ಹೊಸದುರ್ಗದಿಂದ ಬರ್ತಾ ದಾರೀಲಿ ಸೈಕಲ್ ನಿಲ್ಸಿ ಕೂತ್ಬಿಟ್ಟಿದ್ದೆ, ನಿಮ್ಮಮ್ಮಂಗೂ ಹೇಳಿಲ್ಲ" ಅಂದ್ರು. ನಾನು ಅಪ್ಪ ಇವತ್ತು ಒಂದಿನ ಮಲ್ಕೊಳ್ಳಿ ಅಂದೆ. "ಹಿರಿಯೂರಲ್ಲಿ ಒಂದು ಮನೆ ಪ್ರಾರ್ಥನೆ ಐತೆ, ಹನ್ನೊಂದಕ್ಕೆ" ಅಂದ್ರು. ಹಿಂದಿನಿಂದ ಅಮ್ಮನ ಧ್ವನಿ ಕೇಳಿಸ್ತು, ಫೋನ್ ಇಲ್ಲಿ ಕೊಡ್ರಿ, ಸೈಕಲ್ ನಿಲ್ಸಿದ್ದು ಯಾವಾಗ, ನಂಗ್ಯಾಕೆ ಹೇಳ್ಲಿಲ್ಲ ಅಂತ.