ಶೂ, ಸಾಕ್ಸು ಮತ್ತು ನಮ್ಮೂರ ಅಮ್ಮಂದಿರು

ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ಶೂ ಗಲಾಟೆ. ಆ ವರ್ಷ ಶಾಲೆಯಲ್ಲಿದ್ದವರು ಯಾರೂ ಅದನ್ನು ಮರೆತಿಲ್ಲ. ಆಮೇಲೆ ಬಂದವರಿಗೆ ಗೊತ್ತಿಲ್ಲ. ಜಗಲಿಯ ಗೋಡೆಯಲ್ಲಿ ಸಾಲಾಗಿ ಮರದ ಗೂಟ ಯಾಕಿದೆ ಎಂದು ಈಗಿನ ಮಕ್ಕಳನ್ನು ಕೇಳಿದರೆ ಬ್ಯಾಗ್ ನೇತುಹಾಕೋಕೆ ಅನ್ನುತ್ತಾರೆ. ಅದಕ್ಕೋಸ್ಕರವಾದರೂ ಬರೆದಿಡಬೇಕು ಅನ್ನಿಸಿತು.

ನಾನಾಗ ಏಳನೇ ಕ್ಲಾಸು. 2004ರ ಜೂನ್. ಹೆಡ್ ಮೇಷ್ಟ್ರು ಹಿಂದಿನ ವರ್ಷವಷ್ಟೇ ಚಿತ್ರದುರ್ಗದ ಕಡೆಯಿಂದ ವರ್ಗವಾಗಿ ಬಂದಿದ್ದರು. ಒಳ್ಳೆಯ ಮೇಷ್ಟ್ರು. ಸ್ವಂತ ದುಡ್ಡಿನಲ್ಲಿ ನಮಗೊಂದು ಗ್ಲೋಬ್ ತಂದುಕೊಟ್ಟಿದ್ದರು. ಪ್ರಾರ್ಥನೆ ಹೊತ್ತಿಗೆ ದಿನಾ ಒಬ್ಬರಿಂದ ಪೇಪರ್ ಓದಿಸುತ್ತಿದ್ದರು. ಭಿನ್ನರಾಶಿ ನನ್ನ ತಲೆಗೆ ಹತ್ತಿದ್ದು ಅವರಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ಯಾರೂ ಅವರನ್ನು ಕೆಟ್ಟವರು ಅಂದುಕೊಳ್ಳಬಾರದು.

ಅವರಿಗೊಂದು ಭಯ ಇತ್ತು. ಆ ಹೊತ್ತಿಗೆ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನ್ ನಮ್ಮ ಬಸ್ ಸ್ಟ್ಯಾಂಡಿನವರೆಗೂ ಬರತೊಡಗಿತ್ತು. ಟೈ, ಬೆಲ್ಟು, ಮಿರಮಿರ ಮಿಂಚುವ ಶೂ ಹಾಕಿಕೊಂಡ ಮಕ್ಕಳು ಅದರಲ್ಲಿ ಹತ್ತುತ್ತಿದ್ದರು. ಪ್ರತಿ ಜೂನ್‌ನಲ್ಲೂ ನಮ್ಮ ಶಾಲೆಯಿಂದ ಒಂದಿಷ್ಟು ಟಿ.ಸಿ. ಹೋಗುತ್ತಿತ್ತು. ಹೀಗೇ ಆದರೆ ಶಾಲೆ ಉಳಿಯುವುದಿಲ್ಲ, ನಮ್ಮ ಮಕ್ಕಳೂ ಹಾಗೇ ಕಾಣಬೇಕು ಎಂದು ಅವರು ತೀರ್ಮಾನಿಸಿದರು. ಶಾಲೆ ಶುರುವಾದ ವಾರವೇ ಪ್ರಾರ್ಥನೆಯಲ್ಲಿ ಹೊಸ ನಿಯಮ ಓದಿದರು. ಎಲ್ಲರಿಗೂ ಕಪ್ಪು ಶೂ, ಬಿಳಿ ಸಾಕ್ಸ್. ಚಪ್ಪಲಿ ಕೂಡದು, ಬರಿಗಾಲು ಕೂಡದು. ಹುಡುಗಿಯರಿಗೆ ಎರಡು ಜಡೆ, ಕಪ್ಪು ರಿಬ್ಬನ್. ಕಂಬಳಿ ಕೊಪ್ಪೆ, ಅಂದರೆ ಮಳೆಗೆ ತಲೆಯಿಂದ ಬೆನ್ನಿಗೆ ಇಳಿಬಿಡುವ ಕಂಬಳಿ, ಹಾಕಿಕೊಂಡು ಗೇಟಿನ ಒಳಗೆ ಬರುವ ಹಾಗಿಲ್ಲ. ಕೊಡೆ ಇಲ್ಲವೇ ರೇನ್‌ಕೋಟ್ ಮಾತ್ರ. ತಪ್ಪಿದವರು ಕ್ಲಾಸಿನ ಹೊರಗೆ. ಮೂರನೇ ಸಲ ತಪ್ಪಿದರೆ ಮನೆಗೆ.

ಸಮವಸ್ತ್ರದ ಬಟ್ಟೆಯನ್ನು ಸರ್ಕಾರ ಕೊಡುತ್ತಿತ್ತು. ಶೂ ಕೊಡುತ್ತಿರಲಿಲ್ಲ. ಒಂದು ಜೊತೆ ಕೊಳ್ಳಬೇಕೆಂದರೆ ನಮ್ಮೂರ ಹೆಂಗಸರ ಎರಡು ಮೂರು ದಿನದ ಕೂಲಿ ಹೋಗುತ್ತಿತ್ತು. ಆದರೂ ಹೆಚ್ಚಿನವರು ಸಾಲ ಸೋಲ ಮಾಡಿ ತಂದರು. ನಮ್ಮ ಅಪ್ಪಯ್ಯನಿಗಂತೂ ನಿಯಮ ತುಂಬಾ ಇಷ್ಟವಾಗಿತ್ತು. ‘ನಮ್ಮ ಮಕ್ಕಳೇನು ಕಮ್ಮಿಯಾ?’ ಎಂದು ಪೇಟೆಗೆ ಹೋಗಿ ತಂದೇಬಿಟ್ಟರು. ಊರೆಲ್ಲ ಒಂದೇ ಸಲಕ್ಕೆ ತಿರುಗಿಬಿತ್ತು ಎಂದು ಯಾರಾದರೂ ಹೇಳಿದರೆ ಅದು ನಿಜವಲ್ಲ. ತಿರುಗಿಬೀಳುವ ಹಾಗೆ ಮಾಡಿದ್ದು ಮಳೆ.

ಮಲೆನಾಡಿನ ಹೊರಗಿನವರಿಗೆ ಇಲ್ಲಿನ ಮಳೆಯನ್ನು ಅಂಕಿಯಲ್ಲಿ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸುಮಾರು 970 ಮಿಲಿಮೀಟರ್. ನಮ್ಮ ಪಕ್ಕದ ಆಗುಂಬೆಗೆ 7,000 ದಾಟುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಶಾಲೆ ನಡೆಯುವ ಜೂನ್, ಜುಲೈ, ಆಗಸ್ಟ್‌ನಲ್ಲೇ ಸುರಿಯುತ್ತದೆ. ಆರಿದ್ರೆ ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಮಾತ್ರ. ಶೂ ಅಲ್ಲೂ ಒಣಗುವುದಿಲ್ಲ. ಒಳಗಿನ ಅಟ್ಟೆ ಸ್ಪಂಜಿನ ಹಾಗೆ ನೀರು ಕುಡಿದು ಕೂತಿರುತ್ತದೆ. ಉರಿಗೆ ಹತ್ತಿರ ಇಟ್ಟರೆ ಅಂಟು ಬಿಟ್ಟು ಬಾಯಿ ತೆರೆಯುತ್ತದೆ. ಬೆಳಿಗ್ಗೆ ಆ ಒದ್ದೆ ಶೂವಿನೊಳಗೆ ಕಾಲು ತೂರಿಸುವಾಗಿನ ತಣ್ಣಗಿನ ಜಿಗುಟು ಈಗಲೂ ನನ್ನ ಪಾದಕ್ಕೆ ನೆನಪಿದೆ.

ಇನ್ನು ಇಂಬಳ, ಅಂದರೆ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ. ಸಾಕ್ಸ್ ಹಾಕಿದರೆ ಇಂಬಳ ಹತ್ತುವುದಿಲ್ಲ ಎಂದು ಹೆಡ್ ಮೇಷ್ಟ್ರು ನಂಬಿದ್ದರು. ನಮಗೆ ಸಿಗುತ್ತಿದ್ದ ತೆಳ್ಳಗಿನ ಸಾಕ್ಸಿನ ಹೆಣಿಗೆಯೊಳಗೆ ಅದು ಸಲೀಸಾಗಿ ನುಸುಳುತ್ತಿತ್ತು. ಬರಿಗಾಲಾದರೆ ಹತ್ತಿದ್ದು ಕಾಣುತ್ತದೆ. ಸ್ವಲ್ಪ ಸುಣ್ಣ ಮುಟ್ಟಿಸಿದರೆ ಉದುರುತ್ತದೆ. ಶೂ ಒಳಗೆ ಸೇರಿಕೊಂಡರೆ ಗೊತ್ತೇ ಆಗುವುದಿಲ್ಲ, ಹೊಟ್ಟೆ ತುಂಬಾ ಕುಡಿದು ತಾನೇ ಬೀಳುವವರೆಗೂ. ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದೂ ಇಲ್ಲ. ಬಿಳಿ ಸಾಕ್ಸಿನ ಮೇಲೆ ಅದು ಕಂದು ಬಣ್ಣಕ್ಕೆ ತಿರುಗಿ ಅಂಟಿಕೊಂಡಿರುತ್ತಿತ್ತು. ಎಷ್ಟು ಉಜ್ಜಿದರೂ ಕಲೆ ಹೋಗುತ್ತಿರಲಿಲ್ಲ. ಮಾರನೇ ದಿನ ಸಾಕ್ಸ್ ಗಲೀಜಾಗಿದೆ ಎಂದು ಬೈಸಿಕೊಳ್ಳಬೇಕಿತ್ತು.

ಅದಕ್ಕಿಂತ ದೊಡ್ಡದು ಸಂಕದ, ಅಂದರೆ ಹಳ್ಳ ದಾಟುವ ಕಾಲುಸೇತುವೆಯ ಪ್ರಶ್ನೆ. ಹಳ್ಳದ ಆಚೆಯಿಂದ ಬರುವ ಮಕ್ಕಳಿಗೆ ಇದ್ದಿದ್ದು ಎರಡು ಅಡಿಕೆ ಮರದ ದಬ್ಬೆ ಕಟ್ಟಿದ ಸಂಕ. ಹಿಡಿದುಕೊಳ್ಳೋಕೆ ಒಂದು ಬಿದಿರು. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಬರಿಗಾಲಿನ ಬೆರಳು ಮರವನ್ನು ಕಚ್ಚಿ ಹಿಡಿಯುತ್ತದೆ, ಶೂವಿನ ಅಟ್ಟೆ ಜಾರುತ್ತದೆ. ಕೆಳಗೆ ಕೆಂಪು ನೀರು. ಅಮ್ಮಂದಿರು ಮಕ್ಕಳಿಗೆ ಶೂ ಕೈಯಲ್ಲಿ ಹಿಡಿದು ದಾಟಿ ಎಂದು ಹೇಳಿ ಕಳಿಸುತ್ತಿದ್ದರು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಶೂ. ಬಿದಿರು ಹಿಡಿಯೋಕೆ ಕೈ ಎಲ್ಲಿ? ಕೊಪ್ಪೆ ಇದ್ದಿದ್ದರೆ ಎರಡೂ ಕೈ ಖಾಲಿ ಇರುತ್ತಿತ್ತು. ಮಲೆನಾಡಿನವರು ಕೊಪ್ಪೆ ಹಾಕುವುದು ಕೊಡೆ ಕೊಳ್ಳಲಾರದೆ ಎಂದು ಹೊರಗಿನವರು ತಿಳಿಯುತ್ತಾರೆ. ಅಲ್ಲ, ಕೈ ಬೇಕು ಅಂತ.

ಜುಲೈ ಕೊನೆಗೆ, ಪುಷ್ಯ ಮಳೆಯಲ್ಲಿ, ಊರಿನವರು ಸಭೆ ಕೇಳಿದರು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅನ್ನುವುದು ಆಗಿನ್ನೂ ಹೊಸತು. 2001ರಲ್ಲಿ ಸರ್ಕಾರ ಆದೇಶ ಮಾಡಿ ಪೋಷಕರ ಸಮಿತಿ ರಚಿಸಿತ್ತು. ಅಲ್ಲಿಯವರೆಗೆ ನಮ್ಮ ಸಮಿತಿ ಸೇರುತ್ತಿದ್ದುದು ಆಗಸ್ಟ್ 15ಕ್ಕೆ ಸಿಹಿ ಏನು ಹಂಚುವುದು ಎಂದು ಕೇಳೋಕೆ. ಆವತ್ತು ಮಾತ್ರ ಅಮ್ಮಂದಿರು ಭತ್ತದ ಸಸಿ ನೆಡುವ ನೆಟ್ಟಿ ಕೆಲಸ ಬಿಟ್ಟು, ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬು ಹೊತ್ತುಕೊಂಡು ಗದ್ದೆಯಿಂದ ನೇರ ಬಂದರು. ಮೊಣಕಾಲವರೆಗೆ ಕೆಸರು. ಒಳಗೆ ಬೆಂಚಿನಲ್ಲಿ ಕೂರಿ ಎಂದರೂ ನೆಲ ಗಲೀಜಾಗುತ್ತದೆ ಎಂದು ಜಗಲಿಯಲ್ಲೇ ನಿಂತರು. ನಾವು ಏಳನೆಯವರು ಕಿಟಕಿಯಲ್ಲಿ ಇಣುಕುತ್ತಿದ್ದೆವು.

ಮೊದಲು ಗಂಡಸರೇ ಮಾತಾಡಿದರು. ಅಧ್ಯಕ್ಷರು ಶಿಸ್ತು ಬೇಕಲ್ವಾ ಅಂದರು. ಕೆಲವರು ಹೂಂ ಅಂದರು. ಆಗ ಒಬ್ಬ ತಾಯಿ ತನ್ನ ಮೂರನೇ ಕ್ಲಾಸಿನ ಮಗನನ್ನು ಜಗಲಿ ಕಟ್ಟೆ ಮೇಲೆ ಕೂರಿಸಿ ಅವನ ಶೂ ಬಿಚ್ಚಿದಳು. ಬೆರಳ ಸಂದಿಯೆಲ್ಲ ಬೆಳ್ಳಗೆ ಬೆಂದು, ಚರ್ಮ ಸುಲಿದು ಹೋಗಿತ್ತು. ಮದರಂಗಿ ಅರೆದು ಹಚ್ಚಿದ ಕೆಂಪು ಹಾಗೇ ಇತ್ತು. ‘ಗದ್ದೆ ಕೆಸರಿಗೆ ಹೀಗಾಗೋದು ನೋಡಿದೀವಿ ಮೇಷ್ಟ್ರೇ. ಶಾಲೆಗೆ ಹೋಗಿ ಹೀಗಾಗೋದು ಇದೇ ಮೊದಲು’ ಅಂದಳು.

ಆದರೆ ಸಭೆಯ ದಿಕ್ಕು ತಿರುಗಿಸಿದ್ದು ಬಿಸಿಯೂಟದ ಅಡುಗೆ ಅಕ್ಕ. ನಮ್ಮ ಕಡೆ ಬಿಸಿಯೂಟ ಬಂದಿದ್ದು 2003ರಲ್ಲಿ. ಅಕ್ಕನ ಕೆಲಸಕ್ಕೆ ಒಂದು ವರ್ಷವಾಗಿತ್ತು. ಆ ಕೆಲಸ ಹೆಡ್ ಮೇಷ್ಟ್ರ ಕೈಯಲ್ಲೇ ಇತ್ತು. ಹಾಗಾಗಿ ಅವಳು ಬಾಯಿ ಬಿಡುತ್ತಾಳೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅಡುಗೆ ಕೋಣೆಯ ಬಾಗಿಲಿಂದಲೇ ಹೇಳಿದಳು. ‘ಒಂದು ಮಗುವಿಗೆ ನೂರು ಗ್ರಾಂ ಅಕ್ಕಿ. ಹಾಜರಿ ನೋಡಿ ದಿನಾ ನೀವೇ ಅಳೆದು ಕೊಡ್ತೀರಿ ಮೇಷ್ಟ್ರೇ. ಜೂನ್‌ನಲ್ಲಿ ಹಾಕ್ತಿದ್ದ ಅಕ್ಕಿ ಈಗ ಹಾಕ್ತಾ ಇಲ್ಲ. ಪಾತ್ರೆ ಬದಲಾಯಿಸಿದೀನಿ, ಸಣ್ಣದು ಸಾಕಾಗ್ತದೆ. ಶಿಸ್ತಿನ ವಿಷಯ ನಂಗೆ ಗೊತ್ತಿಲ್ಲ. ಅಕ್ಕಿ ಲೆಕ್ಕ ಗೊತ್ತು.’

ಯಾರೂ ಮಾತಾಡಲಿಲ್ಲ. ಹಾಜರಿ ಪುಸ್ತಕ ಮೇಷ್ಟ್ರ ಮೇಜಿನ ಮೇಲೇ ಇತ್ತು. ಶೂ ಇಲ್ಲದವರು, ಶೂ ಒಣಗದವರು, ಎರಡು ಸಲ ಹೊರಗೆ ನಿಂತು ಮೂರನೇ ಸಲದ ಅವಮಾನ ಬೇಡವೆಂದು ಮನೆಯಲ್ಲೇ ಉಳಿದವರು, ಎಲ್ಲರ ಹೆಸರಿನ ಮುಂದೆ ಗೈರು. ಅದನ್ನು ದಿನಾ ಬರೆಯುತ್ತಿದ್ದವರು ಅವರೇ. ಮಳೆಗಾಲದಲ್ಲಿ ಇದೆಲ್ಲ ಇದ್ದಿದ್ದೇ ಎಂದುಕೊಂಡಿದ್ದರಂತೆ.

ಆಮೇಲೆ ಸೊಸೈಟಿಯ ಗುಮಾಸ್ತರು ಎದ್ದರು. ಅವರು ಕಾನೂನಿನ ಪುಸ್ತಕ ಓದುವ ಮನುಷ್ಯ. 1995ರಲ್ಲಿ ಬಂದ ರಾಜ್ಯದ ಶಿಕ್ಷಣ ನಿಯಮಗಳಲ್ಲಿ 11ನೆಯದು ಸಮವಸ್ತ್ರದ ಬಗ್ಗೆ ಎಂದು ವಿವರಿಸಿದರು. ಒಮ್ಮೆ ಗೊತ್ತು ಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವ ಹಾಗಿಲ್ಲ. ಬದಲಿಸುವುದಾದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ‘ನಮಗೆ ಒಂದು ವಾರವೂ ಕೊಡಲಿಲ್ಲವಲ್ಲ ಮಾರಾಯ್ರೆ’ ಅಂದರು. ಜಗಳದ ದನಿ ಅಲ್ಲ ಅದು.

ಹೆಡ್ ಮೇಷ್ಟ್ರು ಕೊನೆಗೆ ಒಂದು ಮಾತು ಕೇಳಿದರು. ‘ನಾಳೆ ಎಲ್ಲರೂ ಆ ವ್ಯಾನ್ ಹತ್ತಿದರೆ, ಈ ಶಾಲೆಗೆ ಬೀಗ ಬಿದ್ದರೆ, ಆಗ ಇಲ್ಲಿ ಬಂದು ನಿಲ್ಲೋರು ಯಾರು?’ ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಶೂ ಬಂತು, ಶೂ ಹೋಯಿತು, ವ್ಯಾನ್ ಮಾತ್ರ ನಿಲ್ಲಲಿಲ್ಲ. ಆದರೆ ಇರುವ ಮಕ್ಕಳನ್ನು ಹೊರಗೆ ನಿಲ್ಲಿಸಿ ಶಾಲೆ ಉಳಿಸೋಕೆ ಆಗುವುದಿಲ್ಲ. ಅಕ್ಕ ಅಕ್ಕಿಯ ಲೆಕ್ಕದಲ್ಲಿ ಹೇಳಿದ್ದೂ ಅದನ್ನೇ.

ಅವತ್ತೇ ನಡಾವಳಿ ಪುಸ್ತಕದಲ್ಲಿ ಬರೆದರು. ಜೂನ್‌ನಿಂದ ದಸರಾ ರಜೆಯವರೆಗೆ ಚಪ್ಪಲಿ ಆಗಬಹುದು, ಬರಿಗಾಲೂ ಆಗಬಹುದು. ಶೂ ಇದ್ದವರು ರಜೆ ಮುಗಿದ ಮೇಲೆ ಹಾಕಲಿ. ಬಟ್ಟೆಯ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸಬಾರದು. ಕೊಪ್ಪೆ ತರಬಹುದು, ಆದರೆ ಕ್ಲಾಸಿನೊಳಗೆ ನೀರು ಸೋರಬಾರದು. ಅದಕ್ಕೆ ಜಗಲಿಯಲ್ಲಿ ಗೂಟ ಹೊಡೆಯುವುದು. ಮುಂದಿನ ಭಾನುವಾರ ನಾಲ್ಕು ಜನ ಅಪ್ಪಂದಿರು ಬಂದು ಗೂಟ ಹೊಡೆದರು. ನಮ್ಮ ಅಪ್ಪಯ್ಯನೂ ಅವರಲ್ಲಿ ಒಬ್ಬರು. ಎರಡು ಜಡೆ, ಕಪ್ಪು ರಿಬ್ಬನ್ ಮಾತ್ರ ಹಾಗೇ ಉಳಿಯಿತು. ಅದನ್ನು ಯಾರೂ ಕೇಳಲೇ ಇಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಖುಷಿಯಿಂದ ಬರೆದು ಮುಗಿಸುತ್ತಿದ್ದೆ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯ ವಿಷಯ ಬರೆಯದೆ ಇದು ಮುಗಿಯುವುದಿಲ್ಲ. ಅವಳ ಮನೆ ಹಳ್ಳದ ಆಚೆ. ಅಪ್ಪ ಇರಲಿಲ್ಲ, ಅಮ್ಮ ತೋಟದ ಕೂಲಿಗೆ ಹೋಗುತ್ತಿದ್ದಳು. ಶೂ ಕೊಳ್ಳಲಿಲ್ಲ. ಲೆಕ್ಕದಲ್ಲಿ ನನಗಿಂತ ಚುರುಕು ಅವಳು. ಕ್ಲಾಸಿನ ಹೊರಗೆ ಜಗಲಿಯಲ್ಲಿ ನಿಂತೇ ಬೋರ್ಡಿನ ಲೆಕ್ಕವನ್ನು ಕಿಟಕಿಯಿಂದ ನೋಡಿ ಬರೆದುಕೊಳ್ಳುತ್ತಿದ್ದಳು. ಮೂರನೇ ಸಲ ಮನೆಗೆ ಕಳಿಸಿದ ಮೇಲೆ ಬರಲಿಲ್ಲ. ಮನೆಯಲ್ಲಿ ಖಾಲಿ ಕೂತ ಹುಡುಗಿಗೆ ಯಾರೋ ಕೆಲಸ ಗೊತ್ತು ಮಾಡಿದರು. ಶಿವಮೊಗ್ಗದ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವುದು. ನಿಯಮ ಬದಲಾದ ಮೇಲೆ ಅಕ್ಕೋರು, ಅಂದರೆ ನಮ್ಮ ಟೀಚರ್, ಅವಳ ಮನೆಗೆ ಹೋಗಿದ್ದರು. ಅಷ್ಟರಲ್ಲಿ ಅವಳು ಹೋಗಿ ವಾರವಾಗಿತ್ತು. ಊರಿನವರು ಗೆದ್ದರು ಎಂದು ಯಾರಾದರೂ ಹೇಳುವಾಗ ನನಗೆ ಅವಳ ಹೆಸರೇ ಬಾಯಿಗೆ ಬರುತ್ತದೆ. ಸಭೆ ಒಂದು ತಿಂಗಳು ಮೊದಲು ಸೇರಿದ್ದರೆ ಅವಳು ಏಳನೇ ಕ್ಲಾಸು ಮುಗಿಸುತ್ತಿದ್ದಳು. ಶಾಲೆ ಬಿಡುವ ಅಂಚಿನಲ್ಲಿ ಇರುವ ಮಗುವಿಗೇ ಇಂಥ ನಿಯಮ ಮೊದಲು ತಟ್ಟುತ್ತದೆ. ಶೂ ಇದ್ದ ನಾವೆಲ್ಲ ಹೇಗೋ ನಿಭಾಯಿಸಿದೆವು.

ನಾನೂ ಈಗ ಸರ್ಕಾರಿ ಶಾಲೆಯಲ್ಲಿ ಟೀಚರ್. ಶೂ ಈಗ ಸರ್ಕಾರದ್ದೇ. 2015-16ರಿಂದ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್ ಬರುತ್ತಿದೆ. ಇದು ನಿಜಕ್ಕೂ ದೊಡ್ಡ ಕೆಲಸ. ಬಯಲುಸೀಮೆಯ ಸುಡುವ ನೆಲದಲ್ಲಿ, ಮುಳ್ಳಿನ ದಾರಿಯಲ್ಲಿ ನಡೆಯುವ ಮಗುವಿಗೆ ಶೂ ಎಷ್ಟು ಮುಖ್ಯ ಎಂದು ನಮ್ಮ ಹೆಡ್ ಮೇಷ್ಟ್ರಿಗೆ ಗೊತ್ತಿತ್ತು. 2022ರಲ್ಲಿ ಬಂದ ಆದೇಶ ಓದಿದಾಗ ಮಾತ್ರ ನನ್ನ ಕಣ್ಣು ತುಂಬಿತು. 1ರಿಂದ 5ನೇ ತರಗತಿಯ ಮಗುವಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325. ಖರೀದಿ ಮಾಡುವುದು ಎಸ್‌ಡಿಎಂಸಿ. ಅದರ ಜೊತೆಗೆ, ಸ್ಥಳೀಯ ಹವಾಮಾನ ನೋಡಿಕೊಂಡು ಶೂ ಬದಲು ಚಪ್ಪಲಿ ಕೊಡಿಸಬಹುದು ಎಂದೂ ಇತ್ತು. ನಮ್ಮೂರ ಅಮ್ಮಂದಿರು ಜಗಲಿಯಲ್ಲಿ ನಿಂತು ಕೇಳಿದ್ದು ಅಷ್ಟನ್ನೇ ಅಲ್ವಾ?

ಅದೇ 2022ರ ಫೆಬ್ರವರಿಯಲ್ಲಿ ಸಮವಸ್ತ್ರದ ಇನ್ನೊಂದು ಆದೇಶವೂ ಬಂದಿತ್ತು. ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದ ಎಲ್ಲರಿಗೂ ಗೊತ್ತಿರುವುದೇ. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ತೀರ್ಪು ಕೊಟ್ಟರು. ನಮ್ಮ ಶೂ ವಿಷಯ ಅದರ ಮುಂದೆ ಚಿಕ್ಕದು. ಧರ್ಮ, ಕಾನೂನು ಎಲ್ಲ ಸೇರಿದ ವಿಷಯವನ್ನು ಇದರ ಜೊತೆ ಕಟ್ಟಿಹಾಕುವುದು ಸರಿಯಲ್ಲ. ಆದರೆ ಗೇಟಿನ ಹೊರಗೆ ಬ್ಯಾಗ್ ಹಿಡಿದು ನಿಂತ ಹುಡುಗಿಯರ ಫೋಟೋ ಪೇಪರಿನಲ್ಲಿ ಬಂದಾಗ ನಾನು ನೋಡಿದ್ದು ಬ್ಯಾಗನ್ನು. ಪರೀಕ್ಷೆಗೆ ಕೆಲವೇ ವಾರ ಇತ್ತು. ಗುಮಾಸ್ತರು ಓದಿದ್ದ ಅದೇ 11ನೇ ನಿಯಮವೂ ಆ ದಿನಗಳ ಚರ್ಚೆಯಲ್ಲಿ ಮತ್ತೆ ಬಂತು. ಯಾವ ಬಣ್ಣ, ಯಾವ ಬಟ್ಟೆ ಎಂದು ದೊಡ್ಡವರು ತೀರ್ಮಾನಿಸಲಿ. ತೀರ್ಮಾನ ಆಗುವವರೆಗೂ ಮಗು ಒಳಗೆ ಕೂತು ಪಾಠ ಕೇಳಲಿ. ಟೀಚರ್ ಆಗಿ ನನಗೆ ಇದರಲ್ಲಿ ಎರಡು ಮಾತಿಲ್ಲ.

ಈ ಸಂಚಿಕೆ ಓದುವ ಈಗಿನ ಪೋಷಕರಿಗೆ ಒಂದು ವಿನಂತಿ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ನಮ್ಮ ಶಾಲೆಯ ಸಮಿತಿಯಲ್ಲೂ ಅಮ್ಮಂದಿರ ಹೆಸರಿದೆ, ಆದರೆ ಸಭೆಗೆ ಬರುವುದು ಕಮ್ಮಿ ಎಂದು ಕೇಳಿದೆ. ಜೂನ್ ಸಭೆಯಲ್ಲಿ ಶೂ ಬೇಕೋ ಚಪ್ಪಲಿ ಬೇಕೋ ಎಂದು ತೀರ್ಮಾನ ಆಗುತ್ತದೆ. ನೆಟ್ಟಿ ಇನ್ನೂ ಶುರುವಾಗಿರುವುದಿಲ್ಲ. ದಯವಿಟ್ಟು ಹೋಗಿ, ನಿಮ್ಮ ಮಕ್ಕಳ ದಾರಿ ಹೇಗಿದೆ ಎಂದು ಹೇಳಿ. ಹಳ್ಳದ ಆಚೆಯ ಮನೆಗಳಿಗೆ ಸಂಕವೇ ಗತಿಯಾಗಿರುವವರೆಗೂ ಅದನ್ನೂ ನಡಾವಳಿಯಲ್ಲಿ ಬರೆಸಿ.