ಹೊಸ ಕರ್ನಲ್ ಹಾಕಿದ ಮೇಲೆ ಟಿವಿ ಟ್ಯೂನರ್ ಕಾರ್ಡ್ ನಿಂತುಹೋಯಿತಾ? ಮೊದಲು ಇದನ್ನು ನೋಡಿ

ಲಿನಕ್ಸ್ ಕರ್ನಲ್ (ಕಂಪ್ಯೂಟರಿನ ಭಾಗಗಳನ್ನೆಲ್ಲ ನಡೆಸುವ ಲಿನಕ್ಸಿನ ತಿರುಳು) ಬದಲಾದ ಮೇಲೆ ಟ್ಯೂನರ್ ಕಾರ್ಡ್ (ಕಂಪ್ಯೂಟರಿನಲ್ಲಿ ಟಿವಿ ನೋಡಲು ಹಾಕುವ ಕಾರ್ಡ್) ಕೆಲಸ ಮಾಡದಿದ್ದರೆ, ಕಾರ್ಡೇ ಹೋಯಿತು ಅಂತ ಗುಜರಿಗೆ ಹಾಕುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. 2013ರ ಗಡುವಿನ ನಂತರ ಬೆಂಗಳೂರು, ಮೈಸೂರಿನಲ್ಲಿ ಕೇಬಲ್ ಡಿಜಿಟಲ್ ಆಗುತ್ತಾ ಬಂತು, ಈ ಕಾರ್ಡ್‌ಗಳಲ್ಲಿ ಚಾನೆಲ್ ನೋಡುವುದು ನಿಂತಿತು, ನಿಜ. ಆದರೆ ಮನೆಯಲ್ಲಿ ಮದುವೆ, ನಾಮಕರಣದ ವಿಎಚ್‌ಎಸ್ ಕ್ಯಾಸೆಟ್‌ಗಳು ಇನ್ನೂ ಇವೆ ಅಲ್ವಾ? ಆ ಟೇಪ್‌ಗಳಿಗೆ ಬೂಷ್ಟು ಹಿಡಿಯುವ ಮುಂಚೆ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದಕ್ಕೆ ಕಾರ್ಡಿನ ಕಾಂಪೊಸಿಟ್ ಜಾಕ್ (ವಿಸಿಆರ್‌ನ ಚಿತ್ರದ ವೈರ್ ಸಿಕ್ಕಿಸುವ ಜಾಗ) ಸಾಕು. ನಾನು ನನ್ನ ಕಾರ್ಡನ್ನು ಉಳಿಸಿಕೊಂಡಿರುವುದೇ ಇದಕ್ಕೆ.

ನನ್ನದು ಫಿಲಿಪ್ಸ್ ಎಸ್‌ಎಎ7130 ಚಿಪ್ ಇರುವ ಪಿಸಿಐ ಕಾರ್ಡ್. ಎಸ್‌ಎಎ7134 ಡ್ರೈವರ್ (ಕಾರ್ಡನ್ನು ನಡೆಸುವ ಕರ್ನಲಿನ ಭಾಗ) ಇದನ್ನೂ ನಡೆಸುತ್ತದೆ. ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಚಿಪ್ ಒಂದೇ ಆದರೂ ಅದನ್ನು ಹಾಕಿ ಬೇರೆ ಬೇರೆ ಕಂಪನಿಗಳು ಮಾಡಿದ ಬೋರ್ಡ್‌ಗಳು ನೂರಕ್ಕೂ ಜಾಸ್ತಿ ಇವೆ, ಒಂದೊಂದರಲ್ಲೂ ಟ್ಯೂನರ್ ಬೇರೆ, ಧ್ವನಿಯ ವೈರಿಂಗ್ ಬೇರೆ. ಯಾವ ಬೋರ್ಡ್ ಅಂತ ಡ್ರೈವರ್ ತಿಳಿದುಕೊಳ್ಳುವುದು ಕಾರ್ಡಿನ ಮೇಲಿರುವ ಇಇಪ್ರಾಮ್ ಅನ್ನುವ ಪುಟ್ಟ ಮೆಮೊರಿ ಚಿಪ್‌ನಲ್ಲಿ ಬರೆದ ನಂಬರಿನಿಂದ. ಅಗ್ಗದ ಕಾರ್ಡ್‌ಗಳಲ್ಲಿ ಆ ಇಇಪ್ರಾಮ್ ಇರುವುದೇ ಇಲ್ಲ. ಆಗ ಡ್ರೈವರ್, ನಿಮ್ಮ ಕಂಪನಿ ನಾಲ್ಕು ಕಾಸು ಉಳಿಸಲು ಇಇಪ್ರಾಮ್ ಬಿಟ್ಟಿದೆ, ಹಾಗಾಗಿ ಕಾರ್ಡ್ ಯಾವುದು ಅಂತ ಗೊತ್ತಾಗುತ್ತಿಲ್ಲ ಅಂತ ಲಾಗ್‌ನಲ್ಲಿ ಸಿಟ್ಟಿನಿಂದಲೇ ಬರೆದು, ಕೆಳಗೆ ಎಲ್ಲಾ ಬೋರ್ಡ್‌ಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿ ಓದಿ. ನನ್ನ ಅನುಭವದಲ್ಲಿ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅದಕ್ಕೇ ಕರ್ನಲ್ ಮೇಲೆ ಕರ್ನಲ್ ಬದಲಿಸುವ ಮುಂಚೆ ಡಿ-ಮೆಸೇಜ್ (dmesg) ಕಮಾಂಡ್ ಕೊಟ್ಟು ಕರ್ನಲಿನ ಲಾಗ್ ತೆರೆದು, ಡ್ರೈವರ್ ನಿಮ್ಮ ಕಾರ್ಡನ್ನು ಏನಂತ ತಿಳಿದುಕೊಂಡಿದೆ ನೋಡಿ. ತಪ್ಪಾಗಿದ್ದರೆ ಮಾಡ್‌ಪ್ರೋಬ್ ಡಿ (/etc/modprobe.d) ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ ಕಾರ್ಡ್ ನಂಬರ್, ಟ್ಯೂನರ್ ನಂಬರ್ ಎರಡನ್ನೂ ನೀವೇ ಕೊಡಿ. ನಮ್ಮಲ್ಲಿ ಅನಲಾಗ್ ಟಿವಿಯ ಪದ್ಧತಿ ಪಾಲ್ ಬಿ, ಆದ್ದರಿಂದ ಟ್ಯೂನರ್ 5, ಅಂದರೆ ಫಿಲಿಪ್ಸ್ ಪಾಲ್ ಬಿಜಿ, ಮೊದಲು ಹಾಕಿ ನೋಡಲು ಒಳ್ಳೆಯದು. ಟ್ಯೂನರ್ ತಪ್ಪಿದ್ದರೆ ಚಾನೆಲ್ ಸಿಗುವುದಿಲ್ಲ. ಆದರೆ ಕಾಂಪೊಸಿಟ್‌ಗೆ ಟ್ಯೂನರೇ ಬೇಡ! ವಿಸಿಆರ್ ಸಿಕ್ಕಿಸಿ ಚಿತ್ರ ಬಂದರೆ ಚಿಪ್, ಪಿಸಿಐ ಸ್ಲಾಟ್, ಡ್ರೈವರ್ ಮೂರೂ ಸರಿ ಇವೆ ಅಂತ ಧೈರ್ಯವಾಗಿ ಮುಂದೆ ಹೋಗಬಹುದು.

ಇನ್ನು ಕರ್ನಲ್ ಬಿಲ್ಡ್ ವಿಷಯ. ಡೆಬಿಯನ್‌ನ ಕ್ಲೌಡ್ ಕರ್ನಲ್‌ನಲ್ಲಿ (ಕ್ಲೌಡ್ ಸರ್ವರ್‌ಗಳಿಗೆ ಅಂತ ಮಾಡಿದ್ದು) ಇಂಥ ಡ್ರೈವರ್‌ಗಳನ್ನು ಬೇಕಂತಲೇ ಬಿಟ್ಟಿರುತ್ತಾರೆ. ಉಬುಂಟುವಿನಲ್ಲಿ ಮಾಡ್ಯೂಲ್ಸ್ ಎಕ್ಸ್‌ಟ್ರಾ ಅನ್ನುವ ಪ್ಯಾಕೇಜ್ ಇಲ್ಲದಿದ್ದರೂ ಅದೇ ಕಥೆ. ಮಾಡ್‌ಇನ್ಫೋ (modinfo) ಕಮಾಂಡ್ ಕೊಟ್ಟರೆ ಡ್ರೈವರ್ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಕರ್ನಲನ್ನು ನೀವೇ ಕಂಪೈಲ್ ಮಾಡಿ ಡ್ರೈವರನ್ನು ಮಾಡ್ಯೂಲ್ (ಬೇಕಾದಾಗ ಲೋಡ್ ಆಗುವ ಬೇರೆ ಫೈಲ್) ಆಗಿ ಇಡದೆ ಒಳಗೇ ಸೇರಿಸಿದ್ದರೆ, ನೀವು ಬರೆದ ಆ ಫೈಲನ್ನು ಯಾರೂ ಓದುವುದಿಲ್ಲ, ಕಾರ್ಡ್ ನಂಬರನ್ನು ಗ್ರಬ್‌ನ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ಕರ್ನಲ್ ಸಾಲಿನಲ್ಲಿ ಡ್ರೈವರ್ ಹೆಸರಿನ ಜೊತೆ ಚುಕ್ಕಿ ಇಟ್ಟು ಕೊಡಬೇಕು. ಫರ್ಮ್‌ವೇರ್ (ಕಾರ್ಡಿನೊಳಗೆ ತುಂಬಬೇಕಾದ ಪ್ರೋಗ್ರಾಂ) ಬೇಕಾದ ಕಾರ್ಡ್‌ಗಳಿಗೆ ಇನ್ನೊಂದು ತೊಂದರೆಯೂ ಇದೆ, ಡಿಸ್ಕ್ ಮೌಂಟ್ ಆಗುವ ಮುಂಚೆಯೇ ಡ್ರೈವರ್ ಎದ್ದು ಫರ್ಮ್‌ವೇರ್ ಹುಡುಕಿ, ಸಿಗದೆ ಸುಮ್ಮನಾಗುತ್ತದೆ. ಸುಮ್ನೆ ಮಾಡ್ಯೂಲ್ ಆಗಿಯೇ ಇಡಿ.

ತುಂಬಾ ಹಳೆಯ ಸಾಫ್ಟ್‌ವೇರ್ ಬಳಸುವವರು 2011ರ 2.6.38 ಕರ್ನಲ್ ನೆನಪಿಡಿ. ಪ್ರೋಗ್ರಾಂಗಳು ಇಂಥ ಕಾರ್ಡ್ ಬಳಸಲು ಕರ್ನಲ್ ಕೊಡುವ ವಿಡಿಯೊ ಫಾರ್ ಲಿನಕ್ಸ್ ಅನ್ನುವ ವ್ಯವಸ್ಥೆಯ ಮೊದಲ ಆವೃತ್ತಿಯನ್ನು ಅದರಲ್ಲಿ ಪೂರ್ತಿ ತೆಗೆದರು. ಅದೊಂದನ್ನೇ ನಂಬಿದ ಪ್ರೋಗ್ರಾಂಗಳಿಗೆ ಆಮೇಲೆ ಕಾರ್ಡ್ ಕಾಣುವುದಿಲ್ಲ.

ಧ್ವನಿ ಬರದಿದ್ದರೆ ಚಿಪ್ ನಂಬರ್ ನೋಡಿ. 7134ಕ್ಕೆ ಬೇರೆ ಆಲ್ಸಾ (ಲಿನಕ್ಸಿನ ಧ್ವನಿ ವ್ಯವಸ್ಥೆ) ಮಾಡ್ಯೂಲ್ ಇದೆ. ಕೆಲವೊಮ್ಮೆ ಅದು ಮೊದಲು ಲೋಡ್ ಆಗಿ ಸೊನ್ನೆ ನಂಬರಿನ ಸೌಂಡ್ ಕಾರ್ಡ್ ತಾನೇ ಆಗಿಬಿಡುತ್ತದೆ, ಸ್ಪೀಕರ್ ಪೂರ್ತಿ ಮೌನ. ಅದಕ್ಕೆ ಇಂಡೆಕ್ಸ್ 1 ಅಂತ ಕೊಟ್ಟರೆ ಸರಿಹೋಗುತ್ತದೆ. 7130ಕ್ಕೆ ಪಿಸಿಐ ಮೂಲಕ ಧ್ವನಿ ಕಳಿಸಲು ಬರುವುದೇ ಇಲ್ಲ, ಯಾವ ಕರ್ನಲ್ ಹಾಕಿದರೂ ಅಷ್ಟೇ. ವಿಸಿಆರ್‌ನ ಆಡಿಯೊ ವೈರನ್ನು ನೇರವಾಗಿ ಕಂಪ್ಯೂಟರಿನ ಲೈನ್ ಇನ್‌ಗೆ ಕೊಡಿ.

ಕೊನೆಗೆ, ಲಿನಕ್ಸ್‌ಟಿವಿ ಯೋಜನೆಯ ಮೀಡಿಯಾ ಬಿಲ್ಡ್ (ಟಿವಿ ಕಾರ್ಡ್ ಡ್ರೈವರ್‌ಗಳನ್ನು ಕರ್ನಲಿನಿಂದ ಬೇರೆಯಾಗಿ ಕಂಪೈಲ್ ಮಾಡುವ ಕಟ್ಟು) ಇಳಿಸಿ ಕಂಪೈಲ್ ಮಾಡುವುದನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಮಾಡಿ. ಹೊಸ ಮಾಡ್ಯೂಲ್, ಹಳೆಯ ಮಾಡ್ಯೂಲ್ ಬೆರೆತರೆ ಸಿಂಬಲ್ ಹೊಂದುವುದಿಲ್ಲ ಅನ್ನುವ ಎರರ್‌ಗಳು ಸಾಲಾಗಿ ಬರುತ್ತವೆ. ಹಾಗಾದರೆ ಒಂದೊಂದನ್ನೇ ರಿಪೇರಿ ಮಾಡಲು ಕೂರಬೇಡಿ. ಆ ಕರ್ನಲಿನ ಮಾಡ್ಯೂಲ್ ಫೋಲ್ಡರ್ ಅಳಿಸಿ, ಕರ್ನಲ್ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿ. ಅಳಿಸುವ ಮುಂಚೆ ಬೂಟ್ ಆಗಲು ಇನ್ನೊಂದು ಕರ್ನಲ್ ಇದೆಯಾ ನೋಡಿಕೊಳ್ಳಿ.