ಎವ್‌ಗ್ರಾಫ್ ಫ್ಯೊದರೊವ್ ಮತ್ತು 230 ಬಗೆಗಳು

ಯಾವುದೇ ಹರಳಿನೊಳಗೆ ಪರಮಾಣುಗಳ ಜೋಡಣೆ ಮೂರು ಆಯಾಮಗಳಲ್ಲಿ ಮರುಕಳಿಸಬಹುದಾದ ಸಮಮಿತಿಯ (ತಿರುಗಿಸಿದರೂ ಸರಿಸಿದರೂ ಜೋಡಣೆ ಮೊದಲಿನಂತೆಯೇ ಕಾಣುವ ಗುಣದ) ಬಗೆಗಳು 230 ಮಾತ್ರ, ಅದಕ್ಕಿಂತ ಒಂದೂ ಹೆಚ್ಚಿಲ್ಲ ಎಂದು 1891ರಲ್ಲಿ ತೋರಿಸಿಕೊಟ್ಟ ರಷ್ಯಾದ ಎವ್‌ಗ್ರಾಫ್ ಫ್ಯೊದರೊವ್ ಅವರ ಬದುಕಿನ ಬಗ್ಗೆ ಈಚೆಗೆ ಓದುತ್ತಿದ್ದೇನೆ. 1853ರಲ್ಲಿ ಒರೆನ್‌ಬರ್ಗ್‌ನಲ್ಲಿ ಹುಟ್ಟಿದ ಅವರು ಸೈನ್ಯದ ಎಂಜಿನಿಯರಿಂಗ್ ಕಲಿತರೂ ಆ ವೃತ್ತಿಯನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ನ ಗಣಿ ವಿದ್ಯಾಸಂಸ್ಥೆಯನ್ನು ಸೇರಿದರು. ಮುಂದೆ ಉತ್ತರ ಉರಲ್ ಪರ್ವತಗಳಲ್ಲಿ ಭೂಸಮೀಕ್ಷೆ ನಡೆಸುತ್ತಿದ್ದ ವರ್ಷಗಳಲ್ಲೇ ಈ ಗಣಿತವನ್ನೂ ಬೆಳೆಸಿದರು.

ಜರ್ಮನಿಯ ಗಣಿತಜ್ಞ ಆರ್ಥರ್ ಷೋನ್‌ಫ್ಲೀಸ್ ಅದೇ ಕಾಲದಲ್ಲಿ ಸ್ವತಂತ್ರವಾಗಿ ಇದೇ ಫಲಿತಾಂಶದತ್ತ ಸಾಗುತ್ತಿದ್ದರು. ಮೊದಲು ಯಾರು ಎಂಬ ಜಗಳಕ್ಕೆ ಇಳಿಯದೆ ಇಬ್ಬರೂ ಪತ್ರಗಳ ಮೂಲಕ ತಂತಮ್ಮ ಪಟ್ಟಿಗಳಲ್ಲಿದ್ದ ತಪ್ಪುಗಳನ್ನು ತಿದ್ದಿಕೊಂಡರೆಂಬುದು ನನಗೆ ಆ ಸಂಖ್ಯೆಗಿಂತಲೂ ಹೆಚ್ಚು ಪ್ರಿಯವಾದ ಸಂಗತಿ. ವಿದ್ವತ್ತಿನ ಸೌಜನ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಹೊಳೆಯುತ್ತಿಲ್ಲ.

ಆಗಿನ್ನೂ ಪರಮಾಣುಗಳ ಜೋಡಣೆಯನ್ನು ಕಂಡವರೇ ಇರಲಿಲ್ಲ. ಹರಳಿನ ಮೂಲಕ ಹಾದ ಎಕ್ಸ್-ಕಿರಣಗಳು ಚದುರುವ ಬಗೆಯನ್ನು ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಫಾನ್ ಲಾವೆ ಮತ್ತು ಸಂಗಡಿಗರು 1912ರಲ್ಲಿ ದಾಖಲಿಸಿದಾಗ, ಆ ಚಿತ್ರಗಳನ್ನು ಅರ್ಥೈಸಲು ಬೇಕಾದ ಚೌಕಟ್ಟು ಇಪ್ಪತ್ತೊಂದು ವರ್ಷ ಮೊದಲೇ ಸಿದ್ಧವಾಗಿತ್ತು. ಅದನ್ನು ನೋಡುವ ಭಾಗ್ಯ ಫ್ಯೊದರೊವ್ ಅವರಿಗಿತ್ತು. 1919ರಲ್ಲಿ, ಅಂತರ್ಯುದ್ಧದ ಹಸಿವು ಮತ್ತು ಚಳಿಯಿಂದ ನಲುಗಿದ್ದ ಪೆಟ್ರೊಗ್ರಾಡ್‌ನಲ್ಲಿ (ಸೇಂಟ್ ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಅವರು ತೀರಿಕೊಂಡರು.